ಮೂಗಿನ ಸಾಕ್ಷಿ
(ಹೆತ್ತೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಕಿಟಕಿ ಮುಚ್ಚಬೇಡಿ ಎಂದು ಆಗಲೇ ಕೇಳಿಕೊಂಡೆ. ಮೈಕಿಗೆ ಗಾಳಿ ಹೊಡೆಯುತ್ತದೆ ಎಂದರು. ಹೊಡೆಯಲಿ. ಒಂಬತ್ತು ದಿನದ ಹಿಂದೆ ಇಲ್ಲಿ ಹೂಮಳೆ ಬಿದ್ದಿದೆ, ಇವತ್ತು ರಸ್ತೆಯ ಎರಡೂ ಬದಿ ತೋಟ ಬೆಳ್ಳಗೆ ಅರಳಿ ನಿಂತಿದೆ. ಸಕಲೇಶಪುರದಿಂದ ಬರುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಕಂಡಕ್ಟರ್ ಊರಿನ ಹೆಸರು ಕೂಗುವ ಮೊದಲೇ ನನಗೆ ಊರು ಗೊತ್ತಾಯಿತು. ಕಾಫಿ ಹೂವಿನದು ಮೂರು ನಾಲ್ಕು ದಿನದ ಬಾಳು. ಅಷ್ಟರಲ್ಲಿ ಅದು ಕಂದಿ, ಕೈಯಲ್ಲಿ ಉಜ್ಜಿದರೆ ಉದುರುವ ಕಸವಾಗುತ್ತದೆ. ಅಂಥ ಹೂವಿನ ಮುಂದೆ ನಿಂತು ಕಾವ್ಯದ ಮಾತಾಡುವಾಗ ಕಿಟಕಿ ಹಾಕಿಕೊಳ್ಳಲು ನನಗೆ ಮನಸ್ಸಿಲ್ಲ.

‘ಗೊತ್ತಾಯಿತು’ ಎಂದೆನಲ್ಲ, ಇವತ್ತಿನ ನನ್ನ ವಿಷಯ ಆ ಒಂದು ಮಾತೇ. ನೋಡದೆ, ಕೇಳದೆ, ಮುಟ್ಟದೆ ಗೊತ್ತಾಗುವುದು ಎಂದರೇನು? ಕಾವ್ಯದಲ್ಲಿ ಬರುವ ಕಂಪು ಬರಿಯ ಅಲಂಕಾರವೋ, ಅದೂ ಒಂದು ತಿಳಿವಳಿಕೆಯೋ?

ತರ್ಕಶಾಸ್ತ್ರ ಓದಿದವರಿಗೆಲ್ಲ ಒಂದು ಬೆಟ್ಟದ ಪರಿಚಯ ಇರುತ್ತದೆ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಹೊಗೆಯಿದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿದ್ದೇವಲ್ಲ ಹಾಗೆ. ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಅನುಮಾನ ಎಂಬ ಪ್ರಮಾಣಕ್ಕೆ ನಮ್ಮ ತಾರ್ಕಿಕರು ಶತಮಾನಗಳಿಂದ ಕೊಡುತ್ತ ಬಂದ ಉದಾಹರಣೆ ಇದು. ಮೈಸೂರಿನಲ್ಲಿ ಓದುವಾಗ ಇದನ್ನು ಮೊದಲು ಕೇಳಿದೆ. ಬಯಲುಸೀಮೆಯ ಗೆಳೆಯರು ತಟ್ಟನೆ ಒಪ್ಪಿಕೊಂಡರು. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಜೂನ್ ಬಂತೆಂದರೆ ನಮ್ಮ ಕಡೆ ಬೆಟ್ಟವೇ ಕಾಣುವುದಿಲ್ಲ. ಪಕ್ಕದ ಮನೆಯ ಹೆಂಚೂ ಕಾಣುವುದಿಲ್ಲ. ಬಿಸ್ಲೆಯ ಕಡೆಯಿಂದ ಮಂಜು ಏರಿ ಬಂದು ವನಗೂರು, ಹೆತ್ತೂರು ಎಲ್ಲವನ್ನೂ ಒಂದೇ ಕಂಬಳಿಯಲ್ಲಿ ಸುತ್ತಿಬಿಡುತ್ತದೆ. ಆಗ ಯಾವುದು ಮಂಜು, ಯಾವುದು ಹೊಗೆ ಎಂದು ಕಣ್ಣು ಹೇಳಲಾರದು. ಆವಿಯನ್ನು ಹೊಗೆಯೆಂದು ತಿಳಿದರೆ ಅನುಮಾನ ಕೆಡುತ್ತದೆ ಎಂದು ತಾರ್ಕಿಕರೂ ಎಚ್ಚರಿಸಿದ್ದಾರೆ. ಆದರೆ ನಮ್ಮ ಮನೆಯ ಹೆಂಗಸರು ಈ ತೊಡಕಿಗೆ ಸಿಕ್ಕಿದ್ದೇ ಇಲ್ಲ. ಹಿತ್ತಲಲ್ಲಿ ನಿಂತು ಒಮ್ಮೆ ಉಸಿರೆಳೆದರೆ ಮೇಲಿನ ಮನೆಯಲ್ಲಿ ಒಲೆ ಹತ್ತಿದೆಯೋ ಇಲ್ಲವೋ, ಉರಿಯುತ್ತಿರುವುದು ಕಾಫಿ ಗಿಡದ ಕಟ್ಟಿಗೆಯೋ ಸಿಲ್ವರ್ ಓಕ್ ಸೌದೆಯೋ, ಅದು ಹಸಿಯೋ ಒಣಗಿದ್ದೋ, ಇಷ್ಟನ್ನೂ ಹೇಳುತ್ತಿದ್ದರು. ತಾರ್ಕಿಕರ ಬೆಟ್ಟದಲ್ಲಿ ಮಂಜಿರಲಿಲ್ಲ. ನಮ್ಮ ಬೆಟ್ಟದಲ್ಲಿ ಮೂಗೇ ಪ್ರಮಾಣ.

ಅದೇ ಶಾಸ್ತ್ರ ಇನ್ನೊಂದು ಕಡೆ ಮೂಗಿಗೆ ದೊಡ್ಡ ಮರ್ಯಾದೆ ಕೊಟ್ಟಿದೆ ಎಂಬುದನ್ನೂ ಹೇಳಬೇಕು. ವೈಶೇಷಿಕರ ಪ್ರಕಾರ ಗಂಧ ಪೃಥ್ವಿಯೊಂದರದೇ ಗುಣ. ಅನ್ನಂಭಟ್ಟನ ತರ್ಕಸಂಗ್ರಹ ಭೂಮಿಗೆ ಲಕ್ಷಣ ಹೇಳುವುದೇ ಗಂಧದಿಂದ. ನೀರಿನಲ್ಲಿ, ಗಾಳಿಯಲ್ಲಿ ವಾಸನೆ ಬಂದರೆ ಅದು ಅಲ್ಲಿ ಸೇರಿದ ಮಣ್ಣಿನ ಅಂಶದ್ದು. ಆ ಮಣ್ಣಿನ ಗಂಧದ ಬೆನ್ನು ಹತ್ತಿ 1964ರಲ್ಲಿ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗಳು ಮೊದಲ ಮಳೆಯ ವಾಸನೆಗೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಒಣಗಿದ ನೆಲದಲ್ಲಿ, ಕಲ್ಲಿನಲ್ಲಿ ಹೀರಿಕೊಂಡಿದ್ದ ಎಣ್ಣೆಯಂಶ ತೇವ ತಗಲಿದಾಗ ಹೊರಬೀಳುತ್ತದೆ ಎಂದರು. ಅದಕ್ಕೆ ಜೊತೆಯಾಗುವ ಜಿಯೋಸ್ಮಿನ್ ಎಂಬ ವಸ್ತುವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಹೊರಬಿಡುತ್ತವೆ. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಮಳೆ ಬಿದ್ದ ಸಂಜೆ ಜಗಲಿಯಲ್ಲಿ ನಿಂತ ರೈತನಿಗೆ ಈ ಹೆಸರು ಬೇಕಿಲ್ಲ. ನಾಳೆ ಏನು ಮಾಡಬೇಕೆಂದು ಅವನಿಗೆ ಆ ಉಸಿರಿನಲ್ಲೇ ಗೊತ್ತಾಗಿರುತ್ತದೆ.

ಇನ್ನು ಕಾವ್ಯಕ್ಕೆ ಬರುತ್ತೇನೆ. ತೀ.ನಂ.ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಬಂತು. ಅದನ್ನು ನಾನು ಎಷ್ಟು ವರ್ಷ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುತ್ತ ಹೇಳುತ್ತ ಒಂದು ಸಂಗತಿ ಕಾಡತೊಡಗಿತು. ನಮ್ಮ ಕಾವ್ಯಮೀಮಾಂಸೆ ತನ್ನ ಪಾರಿಭಾಷಿಕ ಪದಗಳನ್ನು ಇಂದ್ರಿಯಗಳಿಂದಲೇ ತಂದುಕೊಂಡಿದೆ. ರಸ, ಆಸ್ವಾದ, ಚರ್ವಣೆ, ದ್ರಾಕ್ಷಾಪಾಕ, ನಾಳಿಕೇರಪಾಕ ಇವೆಲ್ಲ ನಾಲಗೆಯ ಪದಗಳು. ಧ್ವನಿ ಕಿವಿಯದು. ಅಲಂಕಾರ, ಕಾಂತಿ, ದರ್ಶನ ಕಣ್ಣಿನವು. ಸೌಕುಮಾರ್ಯ ಚರ್ಮದ್ದು. ಮೂಗಿನಿಂದ ಬಂದ ಹೆಸರು ಯಾವುದು? ಹುಡುಕಿದೆ, ನನಗೆ ಸಿಗಲಿಲ್ಲ. ಆ ಕೊರತೆಯನ್ನು ತುಂಬಿದವರು ನಮ್ಮ ಕಾಲದ ಕನ್ನಡ ವಿಮರ್ಶಕರು, ಅದೂ ಅವರೆಕಾಯಿಯಿಂದ. ‘ಸೊಗಡು’ ಎಂಬ ಮಾತನ್ನು ನೋಡಿ. ಮಾಗಿಯಲ್ಲಿ ಹಾಸನದ ಸಂತೆಗೆ ಅವರೆಕಾಯಿ ಬಂದಾಗ ನಮ್ಮ ಹೆಂಗಸರು ಕಾಯನ್ನು ಒತ್ತಿ ನೋಡುವುದಿಲ್ಲ, ಮೂಸಿ ನೋಡುತ್ತಾರೆ. ಸೊಗಡಿದ್ದರೆ ಮಾತ್ರ ಮಡಿಲಿಗೆ. ಆ ಅಡುಗೆಮನೆಯ ಪದವನ್ನೇ ಎತ್ತಿಕೊಂಡು ನಾವು ‘ನೆಲದ ಸೊಗಡಿರುವ ಕಾವ್ಯ’ ಎನ್ನುತ್ತೇವೆ. ಕನ್ನಡ ವಿಮರ್ಶೆಯಲ್ಲಿ ಇಷ್ಟು ನೇರವಾದ ಪದ ನನಗೆ ಇನ್ನೊಂದು ಗೊತ್ತಿಲ್ಲ.

ಶಾಸ್ತ್ರಕ್ಕೆ ಸಿಗದ ಮೂಗು ಕವಿಗಳಿಗೆ ಸಿಕ್ಕಿತ್ತು. ಪಂಪ 941ರಲ್ಲಿ ವಿಕ್ರಮಾರ್ಜುನವಿಜಯ ಬರೆದ. ಅದರಲ್ಲಿ ಬನವಾಸಿಯನ್ನು ನೆನೆಯುವ ಪದ್ಯ ಇಲ್ಲಿರುವ ಎಂಟನೇ ತರಗತಿಯ ಮಗುವಿಗೂ ಬರುತ್ತದೆ, ನಾನು ಹೇಳಬೇಕಿಲ್ಲ. ಅದನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡು ಕ್ರಿಯಾಪದಗಳನ್ನಷ್ಟೇ ಗಮನಿಸಿ. ತೆಂಕಣದ ಗಾಳಿ ಮೈಗೆ ಸೋಕುತ್ತದೆ, ಒಳ್ಳೆಯ ಮಾತು ಕೇಳುತ್ತದೆ, ಹಾಡು ಕಿವಿಯನ್ನು ಹೊಗುತ್ತದೆ. ಬಿರಿದ ಮಲ್ಲಿಗೆಯ ಸರದಿ ಬಂದಾಗ ಕವಿ ಅದನ್ನು ಮೂಸುವುದಿಲ್ಲ, ಕಾಣುತ್ತಾನೆ. ಮೂವತ್ತು ವರ್ಷ ಈ ಪದ್ಯ ಪಾಠ ಮಾಡಿದ ಮೇಲೆ ಒಂದು ದಿನ ಇದು ನನ್ನ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಆ ಪದ್ಯದಲ್ಲಿ ಮಲ್ಲಿಗೆಯ ಕಂಪಿದೆ ಎಂದೇ ನಾನು ನಂಬಿದ್ದೆ, ಮಕ್ಕಳಿಗೂ ಹಾಗೆಯೇ ಹೇಳಿದ್ದೆ. ಪಂಪ ಹೇಳದೇ ಬಿಟ್ಟದ್ದನ್ನು ನನ್ನ ಮೂಗು ತಾನಾಗಿ ತುಂಬಿಕೊಂಡಿತ್ತು. ‘ಬಿರಿದ’ ಎಂಬ ಒಂದು ವಿಶೇಷಣ ಸಾಕಾಯಿತು. ಬಿರಿಯುವುದೆಂದರೆ ಕಂಪು ಹೊರಬೀಳುವ ಗಳಿಗೆ. ಹೇಳದೆ ಹೊಳೆಯಿಸುವುದನ್ನು ಧ್ವನಿ ಎನ್ನುವುದಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿದೆ? ಬಣ್ಣವನ್ನು ಹೇಳಬಹುದು, ದನಿಯನ್ನು ಅನುಕರಿಸಬಹುದು. ಕಂಪನ್ನು ಹಾಗೆ ಹೇಳಲು ಬರುವುದಿಲ್ಲ, ಬಾಗಿಲು ತೆರೆದಿಟ್ಟು ಕಾಯಬೇಕು. ಅದರ ಹಿಂದಿನ ಪದ್ಯದಲ್ಲೇ ಪಂಪ, ಮನುಷ್ಯನಾಗಿ ಹುಟ್ಟಲಾಗದಿದ್ದರೆ ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕು ಎನ್ನುತ್ತಾನೆ. ಕೋಗಿಲೆ ದನಿಯ ಜೀವಿ, ದುಂಬಿ ಕಂಪಿನ ಜೀವಿ. ಮುಂದಿನ ಪದ್ಯದಲ್ಲಿ ಬಾಯಿಬಿಟ್ಟು ಹೇಳದ ಮೂಗನ್ನು ಇಲ್ಲಿ ಇಡೀ ಒಂದು ಜನ್ಮವನ್ನಾಗಿ ಕೇಳಿಕೊಂಡಂತಿದೆ.

ಮೂಗಿನಿಂದಲೇ ಕಥೆ ಹುಟ್ಟಿದ ಕಾವ್ಯವೂ ನಮ್ಮಲ್ಲಿದೆ. ಬಾಣನ ಕಾದಂಬರಿಯನ್ನು ನಾಗವರ್ಮ ಕನ್ನಡಕ್ಕೆ ತಂದ. ಅದರ ಮಹಾಶ್ವೇತೆ ತಾಯಿಯೊಂದಿಗೆ ಅಚ್ಛೋದ ಸರೋವರಕ್ಕೆ ಮೀಯಲು ಬರುತ್ತಾಳೆ. ವಸಂತ, ಕಾಡು ತುಂಬ ಹೂ. ಆ ಎಲ್ಲ ಹೂಗಳ ಕಂಪನ್ನೂ ಮೀರಿ, ಮನುಷ್ಯಲೋಕ ಕಂಡರಿಯದ ಒಂದು ಪರಿಮಳ ಗಾಳಿಯಲ್ಲಿ ಬರುತ್ತದೆ. ಅವಳು ಅದರ ಜಾಡು ಹಿಡಿದು ದುಂಬಿಯ ಹಾಗೆ ನಡೆಯುತ್ತಾಳೆ. ಕೊನೆಗೆ ಸಿಗುವವನು ಕಿವಿಯ ಮೇಲೆ ಪಾರಿಜಾತದ ಗೊಂಚಲು ಮುಡಿದ ಪುಂಡರೀಕ. ಇಲ್ಲಿ ಪ್ರೇಮ ನೋಟದಲ್ಲಿ ಹುಟ್ಟುವುದಿಲ್ಲ, ನೋಟಕ್ಕೆ ಮೊದಲೇ ಹೊರಟಿರುತ್ತದೆ. ಕಣ್ಣು ಎದುರಿಗಿದ್ದುದನ್ನಷ್ಟೇ ತಿಳಿಸುತ್ತದೆ. ಮೂಗು ಇನ್ನೂ ಬಾರದ್ದನ್ನೂ ಆಗಲೇ ಹೋದದ್ದನ್ನೂ ತಿಳಿಸುತ್ತದೆ.

ಈ ಮಾತು ನಮ್ಮ ಕಡೆಯವರಿಗೆ ಪ್ರಾಣದ ಪ್ರಶ್ನೆ. ಹಳೆಯ ಚಂಪೂ ಕಾವ್ಯಗಳಲ್ಲಿ ‘ಗಂಧಸಿಂಧುರ’ ಎಂಬ ಮಾತು ಬರುತ್ತದೆ. ತನ್ನ ಮದದ ವಾಸನೆಯಿಂದಲೇ ಉಳಿದ ಆನೆಗಳನ್ನು ಓಡಿಸುವ ಆನೆ. ರಾಜರನ್ನು ಹೊಗಳಲು ಕವಿಗಳು ಇದನ್ನು ಬಳಸಿ ಬಳಸಿ ಸವೆಸಿದರು. ನಾನೂ ಅದನ್ನು ಕವಿಸಮಯವೆಂದು ಹೇಳಿ ಮುಂದೆ ಹೋಗುತ್ತಿದ್ದೆ. ನಿವೃತ್ತನಾಗಿ ಊರಿಗೆ ಬಂದ ಮೊದಲ ವರ್ಷ, ಡಿಸೆಂಬರಿನ ಒಂದು ಬೆಳಿಗ್ಗೆ, ಹಣ್ಣು ಬಿಡಿಸಲು ಹೊರಟ ಆಳುಗಳ ಜೊತೆ ತೋಟಕ್ಕೆ ಇಳಿಯುತ್ತಿದ್ದೆ. ಮಂಜು ಇನ್ನೂ ಎದ್ದಿರಲಿಲ್ಲ. ಮುಂದೆ ಹೋಗುತ್ತಿದ್ದ ಹೆಂಗಸು ಗಕ್ಕನೆ ನಿಂತು ಕೈ ಅಡ್ಡ ಹಿಡಿದಳು. “ನಿಲ್ಲಿ ಅಯ್ಯಾ. ವಾಸನೆ ಬತ್ತದೆ, ಮದದ್ದು.” ನನಗೆ ಒದ್ದೆ ಎಲೆಯ ವಾಸನೆಯ ಹೊರತು ಬೇರೇನೂ ಬರಲಿಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು ನಿಂತೆವು. ಸ್ವಲ್ಪ ಹೊತ್ತಿಗೆ ಕೆಳಗಿನ ಹಳ್ಳದಲ್ಲಿ ಬೈನೆ ಮರ ಮುರಿದ ಸದ್ದು ಕೇಳಿತು. ಆವತ್ತು ಆ ಹೆಂಗಸು ಗಂಧಸಿಂಧುರ ಎಂಬ ಮಾತಿನ ಅರ್ಥವನ್ನು ನನಗೆ ಕಲಿಸಿದಳು. ನಾನು ಅಲಂಕಾರವೆಂದು ಪಾಠ ಮಾಡಿದ್ದು ಕಾಡಿನಲ್ಲಿ ನಡೆದಾಡಿದ ಯಾರೋ ಒಬ್ಬರ ಸಾಕ್ಷ್ಯವಾಗಿತ್ತು. ಅವರ ಬಾಯಿಂದ ಮಾತು ಕವಿಗೆ ಬಂತು, ಕವಿಯಿಂದ ಕವಿಗೆ ಹೋಗುತ್ತ ಕಾಡಿನ ನಂಟು ಕಳೆದುಕೊಂಡಿತು.

ಆನೆಯ ಮೂಗು ನಮ್ಮದಕ್ಕಿಂತ ಬಹಳ ದೊಡ್ಡ ಗ್ರಂಥಾಲಯ. ವಾಸನೆ ಹಿಡಿಯುವ ಜೀನುಗಳು ಮನುಷ್ಯನಲ್ಲಿ ಸುಮಾರು 400, ಆಫ್ರಿಕಾದ ಆನೆಯಲ್ಲಿ ಸುಮಾರು 2000 ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹಲಸು ಹಣ್ಣಾಗುವ ಮೊದಲೇ ಕಾಯಿ ಕಡಿದು ಹಾಕುವ ಆಲೂರು, ಸಕಲೇಶಪುರದ ಬೆಳೆಗಾರರಿಗೆ ಈ ಅಂಕಿ ಹೊಸದಲ್ಲ. ಒಂದು ಹಲಸಿನ ಪರಿಮಳ ಎಷ್ಟು ದೂರದಿಂದ ಏನನ್ನು ಕರೆತರುತ್ತದೆ ಎಂದು ಅವರು ಮುರಿದ ಬೇಲಿಯಲ್ಲಿ, ಕೆಲವು ಮನೆಗಳಲ್ಲಿ ಸಾವಿನಲ್ಲಿ ಕಲಿತಿದ್ದಾರೆ.

ಈಗ ನನ್ನ ತಾಯಿಯ ಮಾತು. 2020ರ ಅಕ್ಟೋಬರಿನಲ್ಲಿ ಅವರಿಗೆ ಕೋವಿಡ್ ಬಂತು. ಜ್ವರ ವಾರದಲ್ಲಿ ಇಳಿಯಿತು, ವಾಸನೆ ಮಾತ್ರ ವಾಪಸು ಬರಲಿಲ್ಲ. ಅರವತ್ತು ವರ್ಷ ಅಡುಗೆ ಮಾಡಿದ ಕೈ. ನಮ್ಮ ಅಡುಗೆಯಲ್ಲಿ ಗಡಿಯಾರ ಇರುವುದೇ ಮೂಗಿನಲ್ಲಿ ಎಂದು ಆಗ ನನಗೆ ತಿಳಿಯಿತು. ಹಸಿ ವಾಸನೆ ಹೋಗುವವರೆಗೆ ಬಾಡಿಸು, ಘಮ್ಮೆನ್ನುವವರೆಗೆ ಹುರಿ. ಇದು ಬಿಟ್ಟರೆ ಅವರಿಗೆ ಬೇರೆ ಅಳತೆ ಗೊತ್ತಿಲ್ಲ. ಮನೆಗೆ ಬೇಕಾದ ಕಾಫಿ ಬೀಜವನ್ನು ಅವರೇ ಹುರಿಯುತ್ತಿದ್ದರು. ಕಾಯಿಲೆಯ ಮೇಲೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು “ಸೀದ ವಾಸನೆ ಬಂತೇನೇ? ನೋಡು, ನೋಡು” ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದರು. ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟ ಅರಳಿತು. ಬೆಳಿಗ್ಗೆ ಅವರನ್ನು ಕೈ ಹಿಡಿದು ಕರೆದೊಯ್ದೆ. ಹೂ ತುಂಬಿದ ರೆಂಬೆಯನ್ನು ಮುಖದ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಹೇಳಿದರು: “ಹೂ ಬಿಟ್ಟದೆ ಅಂತ ಕಣ್ಣು ಹೇಳ್ತದೆ ಮಗಾ, ನಂಬಿಕೆ ಬರ್ತಾ ಇಲ್ಲ.”

ಆ ಮಾತನ್ನು ನಾನು ಇವತ್ತಿಗೂ ಹೊತ್ತು ತಿರುಗುತ್ತಿದ್ದೇನೆ. ಕಣ್ಣು ಕೊಟ್ಟದ್ದು ಸುದ್ದಿ, ಮೂಗು ಕೊಡಬೇಕಾಗಿದ್ದುದು ನಂಬಿಕೆ. ವೈದ್ಯರು ಇದಕ್ಕೆ ಒಂದು ಕಾರಣ ಹೇಳುತ್ತಾರೆ. ಕಣ್ಣು, ಕಿವಿ, ಚರ್ಮ ತಂದ ಸುದ್ದಿ ಮಿದುಳಿನ ತಾಲಮಸ್ ಎಂಬ ಹೆಬ್ಬಾಗಿಲು ದಾಟಿ ಒಳಗೆ ಹೋಗುತ್ತದೆ. ಮೂಗಿನ ಸುದ್ದಿ ಆ ಬಾಗಿಲು ತಟ್ಟದೆ ನೆನಪು, ಭಾವಗಳ ಕೋಣೆಗೆ ನೇರ ಹೋಗುತ್ತದೆ. ಕನ್ನಡಕ್ಕೆ ಇದು ಬಹಳ ಹಿಂದೆಯೇ ಗೊತ್ತಿತ್ತೇನೋ. ‘ವಾಸನೆ’ ಎಂದರೆ ಮೂಗಿಗೆ ಬರುವುದೂ ಹೌದು, ಹಿಂದಿನ ಜನ್ಮದಿಂದ ಅಂಟಿ ಬಂದದ್ದೂ ಹೌದು.

ವಚನಕಾರರು ಇದನ್ನು ಇನ್ನೂ ಆಳಕ್ಕೆ ಒಯ್ದರು. ಬಸವಣ್ಣ ದೇವರ ಇರವನ್ನು ಹೇಳಲು ನೀರೊಳಗಿನ ಬೆಂಕಿ, ಸಸಿಯೊಳಗಿನ ರುಚಿಯ ಜೊತೆಗೆ ಮೊಗ್ಗಿನೊಳಗಿನ ಪರಿಮಳವನ್ನು ತರುತ್ತಾನೆ. ಇನ್ನೂ ಹೊರಬೀಳದ ಕಂಪು. ಇದೆ, ಆದರೆ ತೋರಿಸಲಾಗದು. ಷಟ್‌ಸ್ಥಲದ ಲೆಕ್ಕದಲ್ಲಿ ಮೊದಲ ಸ್ಥಲವಾದ ಭಕ್ತನಿಗೆ ಸಲ್ಲುವ ತತ್ತ್ವ ಪೃಥ್ವಿ, ಇಂದ್ರಿಯ ಘ್ರಾಣ, ಅರ್ಪಿತವಾಗುವುದು ಗಂಧ. ಸಾಧನೆಯ ಮೊದಲ ಮೆಟ್ಟಿಲು ಮೂಗಿನದು. ಮೂಗು ಕೀಳು ಇಂದ್ರಿಯ, ಆದ್ದರಿಂದ ಕೆಳಗಿಟ್ಟರು ಎಂದು ಕೆಲವರು ಓದುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನೆಲದ ಮೇಲೆ ಕಾಲೂರಿದ ಮೇಲಲ್ಲವೇ ಹತ್ತುವುದು?

ಅರವತ್ತುಮೂವರು ಪುರಾತನರ ಕಥೆಗಳಲ್ಲಿ ಮೂಗಿನದೇ ಒಂದು ಭೀಕರ ಕಥೆಯಿದೆ. ತಿರುವಾರೂರಿನ ಶಿವಾಲಯದಲ್ಲಿ ದೇವರಿಗೆಂದು ತಂದಿದ್ದ ಒಂದು ಹೂ ಕೆಳಗೆ ಬಿದ್ದಿತ್ತು. ರಾಣಿ ಅದನ್ನೆತ್ತಿ ಮೂಸಿದಳು. ಸೆರುತ್ತುಣೈ ಎಂಬ ಭಕ್ತ ಅವಳ ಮೂಗು ಕೊಯ್ದ. ರಾಜ ಬಂದು, ಹೂ ಎತ್ತಿದ ಕೈಯನ್ನೂ ಕಡಿದ. ಈ ಕಥೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಆ ಹೆಣ್ಣುಮಗಳ ಪರವಾಗಿ ಸಿಟ್ಟು ಬರುತ್ತದೆ. ಆದರೂ ಕಥೆಯ ಹಿಂದಿನ ತಿಳಿವಳಿಕೆಯನ್ನು ತಳ್ಳಿಹಾಕಲಾರೆ. ಮೂಸುವುದೆಂದರೆ ಉಣ್ಣುವುದು. ನೋಡಿದ ಹೂ ಹೂವಾಗಿಯೇ ಉಳಿಯುತ್ತದೆ, ಮೂಸಿದ ಹೂವಿನ ಕಣ ನಮ್ಮ ಒಳಗೆ ಬಂದಿರುತ್ತದೆ. ಪೂಜೆಗೆ ಹೂ ಕೊಯ್ಯುವಾಗ ನನ್ನ ತಾಯಿ ಬುಟ್ಟಿಯನ್ನು ಮೂಗಿನಿಂದ ದೂರ ಹಿಡಿಯುತ್ತಿದ್ದುದು ಇದಕ್ಕೇ. ನಮ್ಮ ಜಿಲ್ಲೆಯ ಹಳೇಬೀಡಿನಲ್ಲಿ ಕರಣಿಕನಾಗಿದ್ದು ಅದನ್ನು ಬಿಟ್ಟು ಹಂಪೆಗೆ ಹೋದನೆಂದು ಹೇಳುವ ಹರಿಹರ ‘ಪುಷ್ಪರಗಳೆ’ಯಲ್ಲಿ ವಿರೂಪಾಕ್ಷನಿಗೆಂದು ಹೂ ಕೊಯ್ಯುತ್ತಾನೆ. ಅಷ್ಟು ಪರಿಮಳದ ನಡುವೆ ತನಗೆಂದು ಏನನ್ನೂ ತೆಗೆದುಕೊಳ್ಳದೆ ನಡೆಯುವ ಆ ಸಂಯಮ ನನಗೆ ಆ ರಗಳೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟ.

ಮೂಗು ಹೇಳುವುದೆಲ್ಲ ನಿಜವೇ? ಅಲ್ಲ. ಇದನ್ನು ಹೇಳದೆ ಹೋದರೆ ಈ ಉಪನ್ಯಾಸ ಸುಳ್ಳಾಗುತ್ತದೆ. ನಾನು ಓದಿದ ಶಾಲೆಯಲ್ಲಿ ತೋಟದ ಆಳುಗಳ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಮಳೆಗಾಲದಲ್ಲಿ ಅವನ ಬಟ್ಟೆ ಒಲೆಯ ಮೇಲೆ ಒಣಗುತ್ತಿತ್ತು, ಹೊಗೆಯ ವಾಸನೆ ಬರುತ್ತಿತ್ತು. ಬೆಂಚಿನಲ್ಲಿ ಎಲ್ಲರೂ ಸರಿದು ಕೂತೆವು. ನಾನೂ ಸರಿದೆ. ಅವನು ಆ ವರ್ಷವೇ ಶಾಲೆ ಬಿಟ್ಟ. ನಮ್ಮ ಮನೆಯ ಏಲಕ್ಕಿಯನ್ನೂ ಸೌದೆಯ ಕಾವಿನಲ್ಲೇ ಒಣಗಿಸುತ್ತಿದ್ದರು. ಆ ದಿನಗಳಲ್ಲಿ ನನ್ನ ಅಂಗಿಯೂ ಹೊಗೆ ನಾರುತ್ತಿತ್ತು. ಅದನ್ನು ಯಾರೂ ವಾಸನೆ ಎನ್ನಲಿಲ್ಲ, ಅನುಕೂಲಸ್ಥರ ಮನೆಯ ಗುರುತು ಎಂದರು. ಅವನಿಂದ ಸರಿದು ಕೂರುವುದನ್ನು ನನ್ನ ಮೂಗಿಗೆ ಯಾರೋ ಕಲಿಸಿದ್ದರು. ಕಲಿಸಿದವರು ದೊಡ್ಡವರು, ಕಲಿತವನು ನಾನು. ಕಲ್ಯಾಣದಲ್ಲಿ ತೊಗಲು ಹದ ಮಾಡುವ ಡೋಹರ ಕಕ್ಕಯ್ಯನನ್ನು ಹಿರಿಯನೆಂದು ಒಪ್ಪಿಕೊಂಡ ಶರಣರನ್ನು ನೆನೆಯುವಾಗ, ಅವರ ಮೂಗು ಹಳೆಯ ಪಾಠವನ್ನು ಮರೆತು ಹೊಸತನ್ನು ಕಲಿತಿರಬೇಕು ಎಂದು ಯೋಚಿಸುತ್ತೇನೆ. ಸಮಾನತೆಯ ಮಾತನ್ನು ಬಾಯಿ ಬೇಗ ಕಲಿಯುತ್ತದೆ. ಮೂಗು ತಡವಾಗಿ ಕಲಿಯುತ್ತದೆ. ಆ ಗೆಳೆಯ ಈ ಸುತ್ತಿನಲ್ಲೇ ಎಲ್ಲಾದರೂ ಇದ್ದರೆ ಇವತ್ತು ಅವನಲ್ಲಿ ಕ್ಷಮೆ ಕೇಳುತ್ತೇನೆ.

ಮಾತುಗಳಿಗೂ ಇದೇ ಗತಿಯಾಗಿದೆ. ಹಳಗನ್ನಡದಲ್ಲಿ ‘ನಾಱು’ ಎಂದರೆ ವಾಸನೆ ಬೀರು, ಅದು ಒಳ್ಳೆಯದೂ ಆಗಬಹುದಿತ್ತು, ಕೆಟ್ಟದ್ದೂ ಆಗಬಹುದಿತ್ತು. ಇವತ್ತು ನಾರುವುದೆಂದರೆ ದುರ್ನಾತವೊಂದೇ. ‘ನರುಗಂಪು’ ಎಂಬಲ್ಲಿ ಮಾತ್ರ ಹಳೆಯ ಒಳ್ಳೆಯ ದಿನಗಳ ಗುರುತು ಉಳಿದಿದೆ. ‘ವಾಸನೆ’ಯೂ ಅದೇ ದಾರಿ ಹಿಡಿದಿದೆ, ಅದಕ್ಕೇ ಒಳ್ಳೆಯದಕ್ಕೆ ‘ಸುವಾಸನೆ’ ಎನ್ನಬೇಕಾಗಿದೆ. ವಾಸನೆಗೆ ಯಾವ ಭಾಷೆಯಲ್ಲೂ ಸ್ವಂತ ಪದಗಳಿಲ್ಲ, ಎಲ್ಲವನ್ನೂ ‘ಅದರಂತೆ, ಇದರಂತೆ’ ಎಂದೇ ಹೇಳಬೇಕು ಎಂದು ಪಂಡಿತರು ಬಹುಕಾಲ ನಂಬಿದ್ದರು. 2014ರಲ್ಲಿ ಆಸಿಫಾ ಮಜೀದ್ ಮತ್ತು ನಿಕ್ಲಾಸ್ ಬುರೆನ್‌ಹುಲ್ಟ್ ಅವರು ಮಲಯ ಪರ್ಯಾಯದ್ವೀಪದ ಜಹಾಯ್ ಎಂಬ ಬೇಟೆಗಾರ ಜನರ ಬಗ್ಗೆ ಬರೆದರು. ಬಣ್ಣಗಳನ್ನು ಹೆಸರಿಸುವಷ್ಟೇ ಸಲೀಸಾಗಿ ಅವರು ವಾಸನೆಗಳನ್ನು ಹೆಸರಿಸುತ್ತಾರೆ. ಅದನ್ನು ಓದಿದಾಗ ನನಗೆ ನಮ್ಮ ಅಡುಗೆಮನೆಯೇ ನೆನಪಾಯಿತು. ಕೊಬ್ಬರಿ ಕಮಟು, ಅಕ್ಕಿ ಮುಗ್ಗು, ಮೀನು ನೀಚು, ಒಗೆಯದ ಬಟ್ಟೆ ಸಿಂಡು, ನಿನ್ನೆಯ ಸಾರು ಹಳಸಲು, ತಳ ಹತ್ತಿದ್ದು ಸೀದದ್ದು. ಒಂದನ್ನು ಇನ್ನೊಂದರ ಜಾಗದಲ್ಲಿ ಹೇಳಿ ನೋಡಿ, ಯಾವ ಅಜ್ಜಿಯೂ ಒಪ್ಪುವುದಿಲ್ಲ.

ನಮ್ಮ ಪದಗಳು ದೂರ ಹೋದದ್ದೂ ಇದೆ. ಏಲಕ್ಕಿಯನ್ನು ಹಾಳು ಮಾಡಿದ ರೋಗಕ್ಕೆ ಮಲೆನಾಡಿನವರು ‘ಕಟ್ಟೆ’ ಎಂದರು. ವಿಜ್ಞಾನದ ಪುಸ್ತಕಗಳೂ ಇವತ್ತಿಗೂ ಅದನ್ನು ಆ ಹೆಸರಿನಿಂದಲೇ ಕರೆಯುತ್ತವೆ. ರೋಗದ ಹೆಸರು ಅಷ್ಟು ದೂರ ಹೋಗಬಹುದಾದರೆ, ಒಣಗಿದ ಏಲಕ್ಕಿಯ ಚೀಲ ಬಿಚ್ಚಿದಾಗ ಹೊಮ್ಮುವ ಆ ಪರಿಮಳಕ್ಕೆ ಒಣಗಿಸುವವರು ಇಟ್ಟ ಹೆಸರು ಏನಾಯಿತು? ಕಣದಲ್ಲಿ ಹರವಿದ ಕಾಫಿ ಹಣ್ಣಿಗೆ ಅಕಾಲದ ಮಳೆ ಬಿದ್ದು, ಮೂರನೇ ದಿನ ಕೈಯಾಡಿಸಿದಾಗ ಬರುವ ವಾಸನೆ ಹಣ್ಣು ಉಳಿಯಿತೋ ಕೆಟ್ಟಿತೋ ಹೇಳುತ್ತದೆ. ಅದು ಹುಳಿಯೂ ಅಲ್ಲ, ಮುಗ್ಗೂ ಅಲ್ಲ. ಕಳಲೆ ನೆನೆಹಾಕಿದ ನೀರನ್ನು ಎರಡನೇ ದಿನ ಚೆಲ್ಲುವಾಗಿನದಕ್ಕೂ, ಮೂರನೇ ದಿನ ಚೆಲ್ಲುವಾಗಿನದಕ್ಕೂ ಬೇರೆ ಬೇರೆ ಮಾತುಗಳಿರಬೇಕು.

ಬಾಗಿಲ ಹತ್ತಿರ, ಕಾಫಿ ಕೊಡುವ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪಕ್ಕದಲ್ಲಿ ಪೆನ್ನಿದೆ. ಹೋಗುವ ಮೊದಲು ನಿಮ್ಮ ಮನೆಯ ವಾಸನೆಯ ಪದಗಳನ್ನು ಬರೆದು ಹೋಗಿ. ಬರೆಯಲು ಬಾರದವರು ಹೇಳಿ, ಹಿಂದಿನ ಸಾಲಿನ ಮಕ್ಕಳು ಬರೆದುಕೊಳ್ಳುತ್ತಾರೆ. ಮೊದಲ ಪುಟದಲ್ಲಿ ಎರಡೇ ಸಾಲಿದೆ. ಒಂದು, ಆವತ್ತು ತೋಟದಲ್ಲಿ ಕೈ ಅಡ್ಡ ಹಿಡಿದ ಹೆಂಗಸು ಹೇಳಿದ್ದು. ಇನ್ನೊಂದು, ನನ್ನ ತಾಯಿ ಹೇಳಿದ್ದು. ಆ ಮಾರ್ಚಿನ ಹೂ ಉದುರಿದ ಮೇಲೆ ಒಂದು ಸಂಜೆ ಅವರು ಒಲೆಯ ಮುಂದಿನಿಂದ ಕೂಗಿ ಹೇಳಿದ್ದರು: “ಸೀದು ಹೋಯ್ತಾ ಅದೆ ಕಣೇ, ಇಳಿಸು!”